ಬೇನೆಯನ್ನು ಬಚ್ಚಿಡುವದು ಪ್ರೀತಿಯೋ?



ಕೆಲವು ವರುಷಗಳ ಕೆಳಗೆ ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಸಭೆಯ ಒಬ್ಬ ತಾಯಿಯ ಶವಸಂಸ್ಕಾರವನ್ನು ನಡಿಸುವ ಕೆಲಸವು ನನ್ನ ಪಾಲಿಗೆ ಬಂತು. ಆಕೆಯು ವಿಧವೆ, ಇಪ್ಪತ್ತು ವರುಷಕ್ಕೂ ಹೆಚ್ಚು ಕಾಲ ಜಗಲಿಯಲ್ಲಿ ಕೂತು ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಬೆಳಿಸಿದವಳು. ತನ್ನ ಎದೆಯಲ್ಲಿ ಗಂಟು ಎದ್ದಿರುವದನ್ನು ಎರಡು ವರುಷಗಳ ತನಕ ಒಬ್ಬರಿಗೂ ತಿಳಿಸದೆ ಇದ್ದಳು. ಕಡೆಗೆ ಅದು ಒಡೆದು, ಸೀರೆಯಲ್ಲಿ ಕಲೆ ಕಂಡಾಗಲೇ ಮಗಳಿಗೆ ಗೊತ್ತಾಯಿತು. ಮಂಗಳೂರಿಗೆ ಕರಕೊಂಡು ಹೋದಾಗ, ಇನ್ನು ನೋವು ಕಡಿಮೆ ಮಾಡುವದಕ್ಕೆ ಮಾತ್ರ ಮದ್ದು ಉಂಟು, ಗುಣಮಾಡುವದಕ್ಕಿಲ್ಲ ಎಂದು ವೈದ್ಯರು ಹೇಳಿದರು. ಸಮಾಧಿಯ ಬಳಿಯಲ್ಲಿ ನಿಂತು ನಾನು ಆಕೆಯ ತಾಳ್ಮೆಯನ್ನು ಬಹಳವಾಗಿ ಕೊಂಡಾಡಿದೆನು. ಮಕ್ಕಳ ಓದಿಗೆ ಅಡ್ಡಿಯಾಗಬಾರದೆಂದು ಆಕೆಯು ತನ್ನ ನೋವನ್ನು ನುಂಗಿದಳೆಂತಲೂ, ಸಾಯುವ ತನಕ ಯಾರಿಗೂ ಭಾರವಾಗಲಿಲ್ಲವೆಂತಲೂ, ಕ್ರೈಸ್ತ ತಾಯಂದಿರಿಗೆ ಇದೇ ಮಾದರಿಯೆಂತಲೂ ಹೇಳಿದೆನು. ಅನೇಕರು ಕಣ್ಣು ಒರಸಿಕೊಂಡರು. ನಾನು ಚೆನ್ನಾಗಿ ಮಾತಾಡಿದೆನೆಂದೇ ಎಣಿಸಿ ಮನೆಗೆ ಬಂದೆನು.

ಎಂಟು ದಿನಗಳಾದ ಮೇಲೆ ಆ ಮಗಳು ನನ್ನ ಮನೆಗೆ ಬಂದಳು. ಕೂತುಕೊಳ್ಳೆಂದರೂ ಕೂತುಕೊಳ್ಳಲಿಲ್ಲ. "ಉಪದೇಶಿಯವರೇ, ನೀವು ಆ ದಿನ ಹೇಳಿದ್ದನ್ನು ಕೇಳಿ ನಮ್ಮ ನೆರೆಯ ಅಕ್ಕ ಏನು ಹೇಳಿದಳು ಗೊತ್ತುಂಟೋ? ತನಗೂ ಒಳಗೆ ಏನೋ ಉಂಟು, ತಾನೂ ನಿನ್ನ ಅಮ್ಮನ ಹಾಗೆ ಸಹಿಸಿಕೊಳ್ಳುವೆನು ಎಂದಳು. ಅಮ್ಮ ಮೊದಲೇ ಹೇಳಿದ್ದರೆ ಬದುಕುತ್ತಿದ್ದಳೋ ಏನೋ. ಹೇಳದೆ ಇದ್ದದ್ದೇ ಒಳ್ಳೇದು ಎಂದು ನೀವು ಯಾಕೆ ಹೇಳಿದಿರಿ?" ಎಂದು ಕೇಳಿದಳು.

ಅದಕ್ಕೆ ಕೊಡತಕ್ಕ ಉತ್ತರವು ಆಗ ನನ್ನಲ್ಲಿ ಇರಲಿಲ್ಲ. ದೈವಜ್ಞಾನಶಾಲೆಯಲ್ಲಿ ತಾಳ್ಮೆಯನ್ನು ಕುರಿತು ಓದಿದ್ದೆನು, ತ್ಯಾಗವನ್ನು ಕುರಿತು ಪರೀಕ್ಷೆಯನ್ನೂ ಬರೆದಿದ್ದೆನು. ಆದರೆ ಬಡ ಮನೆಯಲ್ಲಿ ಒಬ್ಬನು ತನ್ನ ಬೇನೆಯನ್ನು ಮನೆಯವರಿಂದ ಬಚ್ಚಿಡುವದು ಪ್ರೀತಿಯೋ ತಪ್ಪೋ ಎಂಬ ಈ ಪ್ರಶ್ನೆಯನ್ನು ಯಾರೂ ನನಗೆ ಹಾಕಿರಲಿಲ್ಲ. ಅಂದಿನಿಂದ ಅದನ್ನು ಮನಸ್ಸಿನಲ್ಲಿ ಹೊತ್ತುಕೊಂಡು ತಿರುಗಾಡುತ್ತಾ ಇದ್ದೇನೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳ ಕಡೆಯಲ್ಲಿ ಸಭೆಯ ಮನೆಗಳಿಗೆ ಹೋಗಿ ಬರುವಾಗ ಕಂಡದ್ದನ್ನೂ ಎಣಿಸಿದ್ದನ್ನೂ ಇಲ್ಲಿ ಬರೆಯುತ್ತೇನೆ.

ಮೊದಲು ಆ ತಾಯಿಯ ಪಕ್ಷದಲ್ಲಿ ನಿಂತು ಲೆಕ್ಕ ಮಾಡೋಣ. ಯಾಕಂದರೆ ಇಂಥವರನ್ನು ತಿಳಿವಳಿಕೆಯಿಲ್ಲದವರೆಂದು ಸುಲಭವಾಗಿ ಅಂದುಬಿಡುವ ವಾಡಿಕೆ ಓದಿದವರಲ್ಲಿ ಉಂಟು. ಬೀಡಿಯ ಕೆಲಸವನ್ನು ನೀವು ಬಲ್ಲಿರಿ. ಎಲೆಯೂ ಹೊಗೆಸೊಪ್ಪೂ ಬ್ರಾಂಚಿನಿಂದ ಬರುವವು. ಎಲೆಯನ್ನು ನೆನಸಿ, ಕತ್ತರಿಸಿ, ಮೊರವನ್ನು ಮಡಿಲಲ್ಲಿಟ್ಟು, ಸುರುಟಿ, ನೂಲು ಕಟ್ಟಿ, ಕಟ್ಟುಗಳನ್ನು ತಿರಿಗಿ ಬ್ರಾಂಚಿಗೆ ಒಪ್ಪಿಸಬೇಕು. ಸಾವಿರಕ್ಕೆ ಇಷ್ಟು ಎಂದು ಕೂಲಿ. ಮನೆಯಲ್ಲಿ ಕಟ್ಟುವವರೂ ಕೆಲಸಗಾರರೇ ಎಂದು 1966ರ ಕಾನೂನು ಒಪ್ಪಿಕೊಂಡಿತು. 1976ರ ಕಾನೂನಿನಿಂದ ಬೀಡಿಯ ಮೇಲೆ ಒಂದು ಸಣ್ಣ ಸುಂಕವನ್ನು ಎತ್ತಿ, ಅದರಿಂದ ಈ ಕೆಲಸಗಾರರಿಗೆ ಔಷಧಾಲಯ, ಮಕ್ಕಳಿಗೆ ವಿದ್ಯಾರ್ಥಿವೇತನ ಮುಂತಾದವುಗಳನ್ನು ನಡಿಸುವ ಏರ್ಪಾಡಾಯಿತು. ಆ ಸುಂಕವು 2017ರಲ್ಲಿ ನಿಂತುಹೋಯಿತು. ಇದೆಲ್ಲಾ ಇದ್ದರೂ ಕೈ ಆಡದ ದಿನ ಕಾಸು ಇಲ್ಲ. ಆಸ್ಪತ್ರೆಗೆ ಹೋಗಬೇಕಾದರೆ ಆ ದಿನದ ಬೀಡಿ ಹೋಯಿತು. ಜೊತೆಗೆ ಬರುವ ಮಗಳ ದಿನವೂ ಹೋಯಿತು. ಬಸ್ಸಿನ ಹಣ ಹೋಯಿತು. ಅಲ್ಲಿ ಚೀಟಿ ಮಾಡಿಸುವಾಗ ಹೊತ್ತು ಮಧ್ಯಾಹ್ನ. ಪರೀಕ್ಷೆಗೆ ಬರುವ ವಾರ ಬನ್ನಿ ಎಂದರೆ ಇನ್ನೊಂದು ದಿನ. ಹೀಗೆ ಬಡವಳ ಮುಂದೆ ಇರುವ ಮೊದಲನೆಯ ಆಯ್ಕೆಯು ಜೀವಕ್ಕೂ ಮರಣಕ್ಕೂ ನಡುವೆ ಅಲ್ಲ. ಈ ದಿನದ ಅಕ್ಕಿಗೂ, ಇನ್ನೂ ಸರಿಯಾಗಿ ನೋಯದ ಒಂದು ಗಂಟಿಗೂ ನಡುವೆ ಅದು ಇರುವದು. ಅಕ್ಕಿಯು ಕಣ್ಣಿಗೆ ಕಾಣುತ್ತದೆ, ಗಂಟು ಕಾಣುವದಿಲ್ಲ. ಆಕೆಯ ಜಾಗದಲ್ಲಿ ನಾವಿದ್ದರೆ ನಾವೂ ಅಕ್ಕಿಯನ್ನೇ ಆರಿಸಿಕೊಳ್ಳುತ್ತಿದ್ದೆವು.

(ಈ ಬೀಡಿಯನ್ನು ಸೇದಿದವನ ಎದೆಗೆ ಏನಾಗುತ್ತದೆಂಬದು ಬೇರೆ ಪ್ರಶ್ನೆ. ಅದನ್ನು ಒಂದು ಸಾರಿ ಪ್ರಸಂಗದಲ್ಲಿ ಎತ್ತಿದ್ದಕ್ಕೆ, ಹಾಗಾದರೆ ಬೇರೆ ಯಾವ ಕೆಲಸ ಕೊಡುತ್ತೀರಿ ಎಂದು ಒಬ್ಬ ಅಜ್ಜಿ ಬಾಗಿಲಲ್ಲೇ ನನ್ನನ್ನು ತಡೆದು ಕೇಳಿದಳು. ಅದಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ.)

ಹೀಗಿದ್ದರೂ ಆ ಲೆಕ್ಕದಲ್ಲಿ ಒಂದು ತಪ್ಪು ಉಂಟು. ಬೇನೆಗೆ ಬೆಲೆಯುಂಟು, ಸುಮ್ಮನಿರುವದಕ್ಕೆ ಬೆಲೆಯಿಲ್ಲ ಎಂದು ಆ ತಾಯಿ ಎಣಿಸಿದಳು. ನಡೆದದ್ದು ಏನಂದರೆ, ಕಡೆಯ ಐದು ತಿಂಗಳಲ್ಲಿ ಕಿವಿಯ ಓಲೆಗಳು ಹೋದವು, ಹಾಲು ಕೊಡುವ ದನ ಹೋಯಿತು, ಮಗಳು ತಾಯಿಯನ್ನು ನೋಡಿಕೊಳ್ಳುವದಕ್ಕಾಗಿ ಹೊಲಿಗೆ ತರಬೇತಿಯನ್ನು ನಡುವೆಯೇ ಬಿಟ್ಟಳು, ಮಗನು ಪದವಿಯ ಎರಡನೆಯ ವರುಷವನ್ನು ಬಿಟ್ಟು ಒಂದು ಹೋಟೆಲಿಗೆ ಸೇರಿದನು. ಯಾವದನ್ನು ಉಳಿಸಬೇಕೆಂದು ಆಕೆಯು ಎರಡು ವರುಷ ಹಲ್ಲು ಕಚ್ಚಿಕೊಂಡಿದ್ದಳೋ ಅದೇ ಮೊದಲು ಹೋಯಿತು.

ಬೇನೆಯು ಮನೆಯನ್ನು ಬಡತನಕ್ಕೆ ಎಳೆಯುವ ಕ್ರಮವು ಇದೇ. ಮದ್ದಿನ ಬಿಲ್ಲನ್ನು ಮಾತ್ರ ನೋಡುವವನು ಅರ್ಧವನ್ನೂ ಕಾಣಲಿಲ್ಲ. ಬೆಳ್ತಂಗಡಿಯ ಕಡೆಯ ಅಡಿಕೆ ತೋಟಗಳಲ್ಲಿ ಮಳೆಗಾಲದ ಮೊದಲಲ್ಲಿ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಹೊಡೆಯುವದಕ್ಕೆ ಮರ ಹತ್ತುವವರು ಇದ್ದಾರೆ. ಅಂಥವನೊಬ್ಬನು ಜಾರಿ ಬಿದ್ದು ಬೆನ್ನೆಲುಬು ಮುರಿದನೆಂದು ಎಣಿಸಿರಿ. ಅವನ ಕೂಲಿ ಅಂದೇ ನಿಂತಿತು. ಅವನನ್ನು ತಿರುಗಿಸಿ ಮಲಗಿಸುವದಕ್ಕೂ ತೊಳೆಯುವದಕ್ಕೂ ಹೆಂಡತಿಯು ಮನೆಯಲ್ಲಿ ನಿಂತದರಿಂದ ಅವಳ ಕೂಲಿಯೂ ನಿಂತಿತು. ಆಸ್ಪತ್ರೆಯ ಖರ್ಚು ಒಂದು ತಿಂಗಳಲ್ಲಿ ತೀರಬಹುದು. ಇಬ್ಬರ ಕೂಲಿಯ ನಷ್ಟವು ಮೂವತ್ತು ವರುಷ ನಡೆಯುತ್ತದೆ. ಸಾಲಕ್ಕೆ ಬಡ್ಡಿ ಬೆಳೆಯುತ್ತದೆ. 1974ರ ಭೂಸುಧಾರಣೆಯಲ್ಲಿ ಅಜ್ಜನು ಡಿಕ್ಲರೇಶನ್ ಕೊಟ್ಟು ಸ್ವಂತವಾಗಿಸಿಕೊಂಡ ಎಕರೆ ಜಾಗವು ಮೊಮ್ಮಗನ ಕಾಲದಲ್ಲಿ ಕೈಬಿಟ್ಟು ಹೋಗುತ್ತದೆ. ಶತಮಾನಗಳ ಗೇಣಿಯಿಂದ ಬಿಡಿಸಿಕೊಂಡ ಮಣ್ಣು ಒಂದು ಜಾರಿದ ಕಾಲಿನಿಂದ ಹೋಗುವದೆಂಬದನ್ನು ಎಣಿಸುವಾಗ ಮೈ ಜುಮ್ಮೆನ್ನುತ್ತದೆ.

ಇದು ನಮ್ಮ ಊರಿನ ಮಾತು ಮಾತ್ರವಲ್ಲ. ಅನಿರುದ್ಧ ಕೃಷ್ಣರೆಂಬ ಪಂಡಿತರು ರಾಜಸ್ಥಾನ, ಗುಜರಾತ್, ಆಂಧ್ರಗಳಲ್ಲಿಯೂ, ಕೆನ್ಯ, ಉಗಾಂಡ, ಪೆರು ಎಂಬ ದೂರದೇಶಗಳಲ್ಲಿಯೂ, ಅಮೆರಿಕದ ಒಂದು ಸಂಸ್ಥಾನದಲ್ಲಿಯೂ 35,000ಕ್ಕೆ ಮಿಕ್ಕಿದ ಮನೆಗಳ ವೃತ್ತಾಂತವನ್ನು ಕೂಡಿಸಿ 2010ರಲ್ಲಿ ಪ್ರಕಟಿಸಿದರು. ಹುಟ್ಟು ಬಡವರಲ್ಲದೆ ನಡುವೆ ಬಡವರಾದವರು ಹೇಗೆ ಆದರೆಂದು ಕೇಳಿದಾಗ, ಸೋಮಾರಿತನವೂ ಕುಡಿತವೂ ದೊಡ್ಡ ಕಾರಣಗಳಾಗಿ ಕಾಣಲಿಲ್ಲ. ಬೇನೆಯೂ ಅದರ ವೆಚ್ಚವೂ ಎಲ್ಲಾದಕ್ಕಿಂತ ಹೆಚ್ಚಾಗಿ ಕಂಡವು. ನಮ್ಮ ದೇಶದ ಲೆಕ್ಕದಲ್ಲಿ 2013-14ರಲ್ಲಿ ಆರೋಗ್ಯಕ್ಕಾಗಿ ಖರ್ಚಾದ ನೂರು ರೂಪಾಯಿಯಲ್ಲಿ 64 ರೂಪಾಯಿ ಜನರ ಕಿಸೆಯಿಂದಲೇ ಹೋಗಿತ್ತು. 2021-22ರಲ್ಲಿ ಅದು 39ಕ್ಕೆ ಇಳಿಯಿತು. ಇಳಿದದ್ದು ಒಳ್ಳೇದೇ. ಆದರೂ ಜಗಲಿಯಲ್ಲಿ ಕೂತವಳಿಗೆ 39 ಸಹ ಚಿಕ್ಕದಲ್ಲ.

ಇಲ್ಲಿ ಕುಡಿತದ ಮಾತು ಬಂತು; ಅದನ್ನು ಹಾರಿಸಿ ಹೋಗುವದು ಪ್ರಾಮಾಣಿಕತನವಲ್ಲ. ನಮ್ಮ ಸಭೆಗಳಲ್ಲಿಯೂ ಕುಡಿದು ಕರುಳು ಸುಟ್ಟುಕೊಂಡವರು ಇದ್ದಾರೆ. ಅವರ ಬೇನೆ ಅವರೇ ತಂದುಕೊಂಡದ್ದು ಎನ್ನಬಹುದು. ಆದರೆ ಅವರ ಮನೆಯ ಸಣ್ಣ ಮಕ್ಕಳು ಏನು ತಂದುಕೊಂಡರು? ಒಬ್ಬನ ತಪ್ಪಿಗೆ ಮನೆಯೆಲ್ಲಾ ಉಪವಾಸ ಬೀಳುವಾಗ, ತಪ್ಪು ಯಾರದೆಂದು ವಿಚಾರಿಸುತ್ತಾ ಅಂಗಳದಲ್ಲಿ ನಿಲ್ಲುವ ಅಧಿಕಾರವನ್ನು ಕರ್ತನು ನಮಗೆ ಕೊಡಲಿಲ್ಲ.

ವಿಚಾರಿಸುವ ಈ ಚಾಳಿಯು ಬಹಳ ಹಳೇದು. ನಮ್ಮ ಹಿರಿಯರು ಮೊದಲು ಬೇನೆ ಬಂದ ಕೂಡಲೇ ಯಾವ ಭೂತದ ಕೋಪ, ಯಾವ ಹರಕೆ ಬಾಕಿ ಎಂದು ನೋಡಿಸುವದಕ್ಕೆ ಹೋಗುತ್ತಿದ್ದರು. ಅದಕ್ಕೂ ಕೋಳಿ, ಎಣ್ಣೆ, ಹಣ ಬೇಕಾಗಿತ್ತು, ಬೇನೆಯ ಜೊತೆಗೆ ಸಾಲವೂ ಬರುತ್ತಿತ್ತು. ಅದನ್ನು ಬಿಟ್ಟು ಬಂದೆವೆಂದು ಹೇಳುವ ನಾವು, ಈಗ ಯಾವ ಪಾಪಕ್ಕಾಗಿ ಈ ಶಿಕ್ಷೆ ಎಂದು ಕೇಳುತ್ತೇವೆ. ಮಾತು ಬದಲಾಯಿತು, ಬೆರಳು ತೋರಿಸುವದು ಬದಲಾಗಲಿಲ್ಲ. ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಸಹ, ಇವನ ಪಾಪವೋ ತಂದೆತಾಯಿಗಳ ಪಾಪವೋ ಎಂದು ಕೇಳಿದರು. ಕರ್ತನು ಎರಡನ್ನೂ ತಳ್ಳಿಬಿಟ್ಟು, ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿದನು. ಯೋಬನ ಸ್ನೇಹಿತರು ಏಳು ದಿನ ಬಾಯಿ ತೆರೆಯದೆ ಅವನ ಸಂಗಡ ನೆಲದಲ್ಲಿ ಕೂತಿದ್ದರಲ್ಲವೇ, ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲಾ ಕೆಟ್ಟಿತು.

ಬೇನೆಯಲ್ಲಿ ಪಾಪವಿದ್ದರೂ ಅದು ಬೇನೆಬಿದ್ದವನದೇ ಆಗಿರಬೇಕೆಂದಿಲ್ಲ ಎಂಬದನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ, ಬೆಳ್ತಂಗಡಿ ತಾಲೂಕಿಗೆ ಹೋದರೆ ಸಾಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಬದಿಯಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು 1982-83ರ ಸುಮಾರಿಗೆ ಈ ತಾಲೂಕಿನ ಕಾಡಂಚಿನಲ್ಲಿ ಭಯಂಕರವಾಗಿ ಎದ್ದಿತು. ಗೇರು ನೆಡುವದಕ್ಕಾಗಿ ಕಾಡನ್ನು ಬೋಳಿಸಿದ ನಂತರ ಅದು ಬಂತೆಂದು ಪಂಡಿತರು ಬರೆದಿದ್ದಾರೆ. ಮಂಗಗಳು ಸತ್ತು ಬಿದ್ದವು; ಅವುಗಳ ಮೈಮೇಲಿನ ಉಣ್ಣಿಗಳು ಕಾಡಿಗೆ ಹೋಗುವವರನ್ನು ಕಚ್ಚಿದವು. ಕಾಡಿಗೆ ಹೋಗುವವರು ಯಾರು? ಮರ ಕಡಿಯುವ ಕೂಲಿಯವನು, ಸೌದೆಗೂ ಸೊಪ್ಪಿಗೂ ಹೋಗುವ ಹೆಂಗಸು. ಕಾಡನ್ನು ಬೋಳಿಸಬೇಕೆಂದು ಕಾಗದದ ಮೇಲೆ ಬರೆದವನಿಗೆ ಉಣ್ಣಿ ಕಚ್ಚಲಿಲ್ಲ.

ಅಲ್ಲಿಗೇ ಮುಗಿಯಲಿಲ್ಲ. ಗೇರಿನ ಚಿಗುರನ್ನು ಒಣಗಿಸುವ ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲುವದಕ್ಕೆ ಸರಕಾರದ ಗೇರುತೋಪುಗಳ ಮೇಲೆ 1980ರ ಸುಮಾರಿನಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಸುರಿಸಿದರು. ತೋಪಿನ ನಡುನಡುವೆ ಮನೆಗಳಿದ್ದವು, ಬಾವಿಗಳಿದ್ದವು. ಕಾಸರಗೋಡಿನ ಕಡೆಯಲ್ಲಿಯೂ ಹಾಗೆಯೇ ಮಾಡಿದರು. ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಹೆಸರುಗಳು ಇದರಿಂದಲೇ ದೇಶಕ್ಕೆಲ್ಲಾ ತಿಳಿದುಬಂದವು. ಕೈಕಾಲು ಸ್ವಾಧೀನವಿಲ್ಲದ, ಬುದ್ಧಿ ಬೆಳೆಯದ, ಮೂರ್ಛೆರೋಗದ ಮಕ್ಕಳು ಅಲ್ಲಿಯ ಅನೇಕ ಮನೆಗಳಲ್ಲಿ ಇದ್ದಾರೆ. ಮಕ್ಕಳೆನ್ನುತ್ತೇನೆ, ಆದರೆ ಅವರಲ್ಲಿ ಹಲವರು ಈಗ ಮೂವತ್ತು ದಾಟಿದವರು. ಕಡೆಗೆ 2011ನೇ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲಾ ಅದನ್ನು ತಡೆಯಿತು. ಬಾಧಿತರಿಗೆ ರಾಜ್ಯ ಸರಕಾರದಿಂದ ಮಾಸಾಶನ ಬಂತು. ಜನರು ಹೋರಾಡದೆ ಅದೂ ಬರಲಿಲ್ಲ.

ಇಂಥ ಮಗುವಿರುವ ಮನೆಯಲ್ಲಿ ಒಬ್ಬ ತಾಯಿಯನ್ನು ಕಂಡೆನು. ಮಗನಿಗೆ ಅನ್ನ ತಿನ್ನಿಸುತ್ತಾ, "ಕೂಲಿಗೆ ಹೋಗದೆ ಇಪ್ಪತ್ತೈದು ವರುಷವಾಯಿತು ಸ್ವಾಮಿ" ಎಂದಳು. ಸರಕಾರವು ಕೊಡುವ ಹಣವು ಮಗನ ಬೇನೆಗಾಗಿ. ಈ ಇಪ್ಪತ್ತೈದು ವರುಷಗಳನ್ನು ಯಾವ ಲೆಕ್ಕದಲ್ಲಿ ಬರೆಯಬೇಕು? ಮೂರು ಮನೆ ದೂರದಲ್ಲಿ, ಅದು ಅವರ ಕರ್ಮ ಎಂದು ಒಬ್ಬರು ನನಗೆ ಹೇಳಿದರು. ಹಾಗೆ ಹೇಳಿದವರು ನಮ್ಮವರೇ.

ಈಗ ಮೊದಲಿನ ಪ್ರಶ್ನೆಗೆ ತಿರಿಗಿ ಬರುವೆನು. ಹನ್ನೆರಡು ವರುಷ ರಕ್ತಕುಸುಮ ರೋಗದಿಂದ ನರಳಿದ ಹೆಂಗಸಿನ ವೃತ್ತಾಂತವನ್ನು ಮಾರ್ಕನು ಬರೆಯುವಾಗ, ಅವಳು ಅನೇಕ ವೈದ್ಯರ ಕೈಗೆ ಸಿಕ್ಕಿ, ಇದ್ದದ್ದನ್ನೆಲ್ಲಾ ಖರ್ಚುಮಾಡಿ, ಗುಣ ಕಾಣದೆ ಇನ್ನೂ ಕೆಟ್ಟ ಸ್ಥಿತಿಗೆ ಬಂದಿದ್ದಳೆಂದು ಹೇಳುತ್ತಾನೆ. ಬೇನೆಯಿಂದ ಬಡತನ ಬರುವದೆಂಬದನ್ನು ಸುವಾರ್ತೆಯೇ ಹೀಗೆ ಬರೆದಿಟ್ಟಿದೆ. ಅವಳ ಎಣಿಕೆಯಾದರೋ ಗುಟ್ಟಾಗಿ ಬಂದು, ಗುಟ್ಟಾಗಿ ಮುಟ್ಟಿ, ಗುಟ್ಟಾಗಿ ಹೋಗಬೇಕೆಂಬದು. ಹಾಗೆಯೇ ಗುಣವೂ ಆಯಿತು. ಅಷ್ಟಕ್ಕೆ ಬಿಟ್ಟುಬಿಡಬಹುದಾಗಿತ್ತಲ್ಲವೇ? ಕರ್ತನು ಬಿಡಲಿಲ್ಲ, ಮುಟ್ಟಿದವರು ಯಾರೆಂದು ಕೇಳಿ, ನಿಂತುಬಿಟ್ಟನು. ಸಭಾಮಂದಿರದ ಅಧಿಕಾರಿಯಾದ ಯಾಯಿರನು, ಮಗಳು ಸಾಯುತ್ತಾಳೆಂದು ತವಕಪಡುತ್ತಾ ಪಕ್ಕದಲ್ಲಿದ್ದನು. ಆ ದೊಡ್ಡವನು ಕಾಯಬೇಕಾಯಿತು; ಕಾಸಿಲ್ಲದ ಹೆಂಗಸು ನಡುಗುತ್ತಾ ತನ್ನ ಹನ್ನೆರಡು ವರುಷದ ಕಥೆಯನ್ನೆಲ್ಲಾ ಎಲ್ಲರ ಮುಂದೆ ಹೇಳಿದಳು.

ಇದನ್ನು ಮೊದಲು ಓದುವಾಗ, ಒಬ್ಬ ಹೆಂಗಸಿನ ಗುಪ್ತ ಬೇನೆಯನ್ನು ಜನರ ನಡುವೆ ಹೇಳಿಸಿದ್ದು ಕಠಿಣವಲ್ಲವೇ ಎಂದು ನನಗೆ ತೋರುತ್ತಿತ್ತು. ಈಗ ಹಾಗೆ ತೋರುವದಿಲ್ಲ. ಅವಳ ಮೈ ವಾಸಿಯಾಗಿತ್ತು. ಅವಳು ಒಬ್ಬಳೇ ಇದ್ದದ್ದು ವಾಸಿಯಾಗಿರಲಿಲ್ಲ. ಹಣ ಹೋಗಿತ್ತು, ಮಡಿಮೈಲಿಗೆಯ ಕಟ್ಟಳೆಯಿಂದ ನೆರೆಯೂ ಹೋಗಿತ್ತು. ಗುಟ್ಟಾಗಿ ಗುಣವಾದವಳು ಗುಟ್ಟಾಗಿಯೇ ಹಸಿದು ಸಾಯಬಹುದಾಗಿತ್ತು. ಎಲ್ಲರ ಮುಂದೆ ಮಗಳೆಂದು ಕರೆಯಲ್ಪಟ್ಟವಳನ್ನು ಊರವರು ಬಾಗಿಲಿನಿಂದ ಅಟ್ಟುವದು ಅಷ್ಟು ಸುಲಭವಲ್ಲ.

ಫಿಲಿಪ್ಪಿಯದ ಸಭೆಯವರು ಪೌಲನ ಬಳಿಗೆ ಕಳುಹಿಸಿದ ಎಪಫ್ರೊದೀತನನ್ನೂ ನೆನಸಿಕೊಳ್ಳಿರಿ. ಅವನು ಸಾಯುವಷ್ಟು ಬೇನೆಬಿದ್ದನು. ಆಮೇಲೆ ಅವನ ದೊಡ್ಡ ವ್ಯಥೆ ಏನಾಗಿತ್ತು? ತಾನು ಬೇನೆಬಿದ್ದ ಸುದ್ದಿಯು ತನ್ನವರಿಗೆ ಮುಟ್ಟಿತಲ್ಲಾ ಎಂಬದು. ನಮ್ಮ ಬಂಟ್ವಾಳದ ತಾಯಿಯ ಸ್ವಭಾವವೇ ಅದು! ಪೌಲನು ಅವನನ್ನು ಗದರಿಸಲಿಲ್ಲ. ಆದರೂ ಅವನ ಬೇನೆಯನ್ನು ಮುಚ್ಚಲಿಲ್ಲ, ಕಾಗದದಲ್ಲಿ ಬರೆದು ಸಭೆಯಲ್ಲಿ ಓದುವ ಹಾಗೆ ಮಾಡಿದನು.

ಇವೆರಡನ್ನು ನೋಡುವಾಗ ನನಗೆ ತಿಳಿಯುವದೇನಂದರೆ, ಬಚ್ಚಿಡುವವನ ಮನಸ್ಸಿನಲ್ಲಿ ಪ್ರೀತಿಯಿರಬಹುದು, ಬಹಳ ಸಾರಿ ಇರುವದು; ಆದರೆ ಬಚ್ಚಿಡುವ ಕೆಲಸವು ಪ್ರೀತಿಯ ಕೆಲಸವಲ್ಲ. ಯಾಕಂದರೆ ಮಗಳು ತಾಯಿಗಾಗಿ ಏನು ಮಾಡುತ್ತಿದ್ದಳೆಂಬದನ್ನು ತಾಯಿಯೇ ಒಬ್ಬಳೇ ತೀರ್ಮಾನಿಸಿಬಿಟ್ಟಳು. ಓಲೆ ಮಾರಬೇಕೋ, ಓದು ನಿಲ್ಲಿಸಬೇಕೋ, ಸಾಲ ಕೇಳಬೇಕೋ ಎಂಬದು ಮೂವರು ಕೂತು ಮಾತಾಡಬೇಕಾದ ಸಂಗತಿ. ಮಕ್ಕಳಿಂದ ಭಾರವನ್ನು ಮಾತ್ರ ತಪ್ಪಿಸಿದೆನೆಂದು ಆಕೆ ಎಣಿಸಿದಳು; ಅವರಿಂದ ಮಕ್ಕಳಾಗಿ ನಡೆಯುವ ಹಕ್ಕನ್ನೂ ತಪ್ಪಿಸಿದಳು. ಆ ಮಗಳು ನನ್ನ ಮನೆಯಲ್ಲಿ ಕೂತುಕೊಳ್ಳದೆ ನಿಂತದ್ದು ಈ ಸಿಟ್ಟಿನಿಂದಲೇ ಎಂದು ನನಗೆ ತೋರುತ್ತದೆ.

ಹಾಗಾದರೆ ಯಾವ ಬೇನೆಗಾದರೂ ಮನೆಮಠ ಮಾರಿ ಮದ್ದು ಮಾಡಲೇಬೇಕೋ? ಹಾಗೂ ನಾನು ಹೇಳಲಾರೆನು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಬೇನೆಯ ಹಾಸಿಗೆಗೆ ಹಚ್ಚುವದು ಕ್ರೂರವಾಗಿ ಕೇಳುತ್ತದೆ, ಆದರೆ ಅದರಲ್ಲಿ ಸತ್ಯ ಉಂಟು. ಮೂಡಬಿದ್ರೆಯಿಂದ ಸಿದ್ಧಕಟ್ಟೆಗೆ ಹೋಗುವ ದಾರಿಯಲ್ಲಿ ನನಗೆ ಪರಿಚಯವಿದ್ದ ಒಬ್ಬ ಮುದುಕನು ಎಂಭತ್ತು ದಾಟಿದವನಾಗಿ ಎರಡು ಮೂತ್ರಪಿಂಡಗಳೂ ಕೆಟ್ಟು ಮಲಗಿದ್ದನು. ಗಂಡುಮಕ್ಕಳು ಅರ್ಧ ಎಕರೆ ತೋಟವನ್ನು ಮಾರುವದಕ್ಕೆ ಹೊರಟರು. ಒಬ್ಬನಿಗೆ ನಿಜವಾದ ಪ್ರೀತಿ ಇತ್ತು. ಇನ್ನೊಬ್ಬನಿಗೆ, ಅಪ್ಪನನ್ನು ಸಾಯಲಿಕ್ಕೆ ಬಿಟ್ಟರೆಂದು ಜನರು ಅನ್ನುವರೆಂಬ ಭಯ ಹೆಚ್ಚಾಗಿತ್ತು. ಮುದುಕನು ವೈದ್ಯರನ್ನೇ ಕರಸಿ, ನನಗೆ ಇದರಿಂದ ಎಷ್ಟು ದಿನ ಸಿಕ್ಕೀತು, ಅವು ಎಂಥ ದಿನಗಳು ಎಂದು ಮಕ್ಕಳ ಎದುರಿನಲ್ಲಿಯೇ ಕೇಳಿದನು. ಕೇಳಿದ ಮೇಲೆ, ತೋಟ ಮಾರಬೇಡಿರಿ, ನೋವಿಗೆ ಮದ್ದು ತಂದುಕೊಡಿರಿ, ಸಂಜೆ ನನ್ನ ಹತ್ತಿರ ಕೂತುಕೊಳ್ಳಿರಿ ಅಂದನು. ಸಭಾ ಹಿರಿಯರನ್ನೂ ಕರಸಿ ಅದನ್ನೇ ಹೇಳಿದನು, ಮಕ್ಕಳ ಮೇಲೆ ಮಾತು ಬರಬಾರದೆಂದು. ಒಂದೂವರೆ ತಿಂಗಳು ಬದುಕಿದನು.

ಇವನೂ ಮದ್ದು ಬೇಡವೆಂದನು, ಬೀಡಿ ಕಟ್ಟುವ ತಾಯಿಯೂ ಮದ್ದಿಗೆ ಹೋಗಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆದರೆ ಇವನು ತಿಳಿದು, ತಿಳಿಸಿ, ಎಲ್ಲರ ಎದುರಿನಲ್ಲಿ ತೀರ್ಮಾನಿಸಿದನು. ಆಕೆಯು ತಿಳಿಯದೆ, ತಿಳಿಸದೆ, ಗುಣವಾಗಬಹುದಾಗಿದ್ದ ಕಾಲವನ್ನು ಕಳೆದಳು. ಇವನದು ಬಿಟ್ಟುಕೊಡುವದು, ಆಕೆಯದು ಕಳಕೊಳ್ಳುವದು.

ಇಷ್ಟು ಬರೆದ ಮೇಲೆ ನನ್ನನ್ನೇ ಕೇಳಿಕೊಳ್ಳಬೇಕಾದ ಮಾತು ಒಂದುಂಟು. ಆಕೆ ಯಾಕೆ ತಿಳಿಸಲಿಲ್ಲ? ತಿಳಿಸುವದಕ್ಕೂ ನಾವು ಬೆಲೆ ಇಟ್ಟಿದ್ದೇವೆ. ಪ್ರಾರ್ಥನಾ ಕೂಟದಲ್ಲಿ ಒಬ್ಬಳು ಬೇನೆಯನ್ನು ಹೇಳಿಕೊಂಡರೆ ಮರುದಿನ ಸೊಸೈಟಿ ಅಂಗಡಿಯ ಬಾಗಿಲಲ್ಲಿ ಅದು ಸುದ್ದಿ. ಮದುವೆಗೆ ಬಂದ ಮಗಳಿದ್ದರೆ, ಆ ಮನೆಯಲ್ಲಿ ಅಂಥ ಬೇನೆಯುಂಟಂತೆ ಎಂಬ ಮಾತು ಸಂಬಂಧವನ್ನು ತಪ್ಪಿಸುತ್ತದೆ. ನಾವು ನಾಲ್ಕು ಕಿತ್ತಳೆಹಣ್ಣು ಹಿಡಿದು ನೋಡುವದಕ್ಕೆ ಹೋಗುತ್ತೇವೆ, ಅರ್ಧ ಗಂಟೆ ಬುದ್ಧಿ ಹೇಳುತ್ತೇವೆ, ಅವರ ಮನೆಯ ಸಕ್ಕರೆಯಲ್ಲಿ ಚಹಾ ಕುಡಿದು ಬರುತ್ತೇವೆ. ಅದೂ ಅಲ್ಲದೆ, ನೋವನ್ನು ಹೇಳದವರೇ ದೊಡ್ಡ ವಿಶ್ವಾಸಿಗಳೆಂದು ಪ್ರಸಂಗಪೀಠದಿಂದ ಕಲಿಸಿದವರು ನಾವು. ನಾನು ಸಮಾಧಿಯ ಬಳಿಯಲ್ಲಿ ಹೇಳಿದ್ದು ಒಂದೇ ದಿನದ ತಪ್ಪಲ್ಲ. ಇಪ್ಪತ್ತು ವರುಷಗಳ ಪ್ರಸಂಗಗಳಲ್ಲಿ ಆಕೆ ಅದನ್ನೇ ಕೇಳಿದ್ದಳು.

ನಮ್ಮ ನೆರೆಯವರಿಂದ ಕಲಿಯುವದಕ್ಕೆ ನಾಚಬೇಕಾಗಿಲ್ಲ. ಮೂಡಬಿದ್ರೆಯ ಜೈನರು ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಹೇಳುತ್ತಾರೆ. ಮದ್ದು ಕೊಡುವದನ್ನು ಅನ್ನ ಕೊಡುವದರ ಪಕ್ಕದಲ್ಲಿಯೂ, ಹೆದರಿದವನಿಗೆ ಧೈರ್ಯ ಕೊಡುವದನ್ನು ಅವೆರಡರ ಪಕ್ಕದಲ್ಲಿಯೂ ಇಟ್ಟಿದ್ದಾರೆ. ಬಡ ಬೇನೆಯವನಿಗೆ ಮೂರೂ ಒಟ್ಟಿಗೆ ಬೇಕಾಗುತ್ತವೆ. ನಮ್ಮ ಮಿಶನಿನವರಿಗೂ ಇದು ತಿಳಿಯದೆ ಇರಲಿಲ್ಲ. ಬಾಸೆಲ್ ಮಿಶನಿನ ವೈದ್ಯ ಲೀಬೆನ್‌ಡೋರ್ಫರನು 1886ರಲ್ಲಿ ಕಲ್ಲಿಕೋಟೆಯಲ್ಲಿ ಕೆಲಸ ಪ್ರಾರಂಭಿಸಿದನು, 1923ರಲ್ಲಿ ಎವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯಳು ಉಡುಪಿಯಲ್ಲಿ ಆಸ್ಪತ್ರೆಯನ್ನು ತೆರೆದಳು. ಅವರ ಹೆಸರನ್ನು ಜುಬಿಲಿಗಳಲ್ಲಿ ಹೇಳುತ್ತೇವೆ. ಜುಬಿಲಿಯ ಪಂಕ್ತಿಭೋಜನದ ಖರ್ಚಿನಲ್ಲಿ ಎಷ್ಟು ಮಂದಿಯನ್ನು ಮಂಗಳೂರಿಗೆ ಕರಕೊಂಡು ಹೋಗಬಹುದಾಗಿತ್ತೆಂದು ಒಂದು ಸಾರಿ ಲೆಕ್ಕ ಹಾಕಿ, ಯಾರಿಗೂ ಹೇಳದೆ ಸುಮ್ಮನಾದೆನು.

ಪಾರ್ಶ್ವವಾಯು ರೋಗಿಯನ್ನು ಹೊತ್ತುಕೊಂಡು ಬಂದ ನಾಲ್ವರು ಮಾಳಿಗೆಯನ್ನು ಕಿತ್ತು ಅವನನ್ನು ಇಳಿಸಿದರು. ಆ ಮಾಳಿಗೆಯನ್ನು ಸರಿಮಾಡಿಸಿದವರು ಯಾರೆಂದು ಸುವಾರ್ತೆಯಲ್ಲಿ ಬರೆದಿಲ್ಲ, ಯಾರೋ ಮಾಡಿಸಿರಬೇಕು. ಒಳ್ಳೇ ಸಮಾರ್ಯದವನಾದರೋ ಗಾಯ ಕಟ್ಟಿದ್ದಕ್ಕೆ ಮುಗಿಸದೆ, ಛತ್ರದವನಿಗೆ ಎರಡು ದೀನಾರ ಕೊಟ್ಟನು. ಆಗಿನ ಎರಡು ದಿನದ ಕೂಲಿ ಅದು. ಹೆಚ್ಚು ಖರ್ಚಾದರೆ ತಿರಿಗಿ ಬರುವಾಗ ಕೊಡುವೆನೆಂದನು. ಈ ಎರಡನೆಯ ಮಾತನ್ನು ನಾವು ಪ್ರಸಂಗಗಳಲ್ಲಿ ಬೇಗ ದಾಟಿಬಿಡುತ್ತೇವೆ. ಬೇನೆಯ ಮನೆಯನ್ನು ಮುಳುಗಿಸುವದು ಆ ಮೇಲಿನ ಖರ್ಚೇ.

2018ರಿಂದ ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಎಂಬ ಯೋಜನೆ ಉಂಟು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿಯ ವರೆಗಿನ ಆಸ್ಪತ್ರೆಯ ಚಿಕಿತ್ಸೆಯು ಅದರಲ್ಲಿ ಸೇರುತ್ತದೆ. ತುರ್ತಿನ ಸಂಗತಿಯಲ್ಲದಿದ್ದರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ಬೇರೆ ಕಡೆಗೆ ಚೀಟಿ ಬರಕೊಡುತ್ತಾರೆ. ಚೀಟಿಯಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಓಡಿ, ಆಮೇಲೆ ಕಾರ್ಡು ನಡೆಯುವದಿಲ್ಲವೆಂದು ಓಲೆ ಮಾರಿದವರನ್ನು ನಾನು ಬಲ್ಲೆನು. ಬಂಟ್ವಾಳದಲ್ಲಿಯೂ ಬೆಳ್ತಂಗಡಿಯಲ್ಲಿಯೂ ಮೂಡಬಿದ್ರೆಯಲ್ಲಿಯೂ ಸರಕಾರಿ ಆಸ್ಪತ್ರೆಗಳುಂಟು, ಮಂಗಳೂರಿನಲ್ಲಿ ವೆನ್ಲಾಕ್ ಉಂಟು. ಕ್ಷಯರೋಗಕ್ಕೆ ಸರಕಾರದ ಮದ್ದು ಧರ್ಮಾರ್ಥ. ಅದನ್ನು ತಕ್ಕೊಳ್ಳುವವರಿಗೆ ಪೌಷ್ಟಿಕ ಆಹಾರಕ್ಕಾಗಿ 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ 1,000 ಆಯಿತು. ಎರಡು ವಾರ ಬಿಡದ ಕೆಮ್ಮನ್ನು ಹೊಗೆಸೊಪ್ಪಿನ ಧೂಳಿನ ಕೆಮ್ಮೆಂದು ಬಿಡದೆ ಕಫವನ್ನು ಪರೀಕ್ಷೆಗೆ ಕೊಡಿರಿ. ಆದರೆ ಯಾವ ಕಾರ್ಡೂ ಬಸ್ಸಿನ ಹಣವನ್ನು ಕೊಡುವದಿಲ್ಲ, ಕಟ್ಟದ ಬೀಡಿಯ ಕೂಲಿಯನ್ನು ಕೊಡುವದಿಲ್ಲ, ಜೊತೆಗೆ ಕೂತವಳ ಊಟವನ್ನೂ ಕೊಡುವದಿಲ್ಲ. ಕಾಗದ ಓದಲಾರದವಳ ಸಂಗಡ ಸಾಲಿನಲ್ಲಿಯೂ ನಿಲ್ಲುವದಿಲ್ಲ. ಇಷ್ಟೂ ಸಭೆಯ ಪಾಲಿಗೆ ಉಳಿದದ್ದು. ನಮ್ಮ ಒಂದು ಸಣ್ಣ ಸಭೆಯಲ್ಲಿ ಹೆಂಗಸರು ಹಿಡಿಅಕ್ಕಿಯ ಕಾಣಿಕೆಯಲ್ಲಿ ನಾಲ್ಕರಲ್ಲಿ ಒಂದು ಪಾಲನ್ನು ಬೇರೆ ಡಬ್ಬಿಯಲ್ಲಿ ಇಡುವದಕ್ಕೆ ತೊಡಗಿದ್ದಾರೆ. ಯಾರಿಗೆ ಕೊಟ್ಟರೆಂದು ಲೆಕ್ಕಪುಸ್ತಕದಲ್ಲಿ ಹೆಸರು ಬರೆಯಬಾರದೆಂದು ಅವರೇ ನಿಯಮ ಮಾಡಿದರು. ಗಂಡಸರು ಅದಕ್ಕೆ ಒಪ್ಪುವದಕ್ಕೆ ಎರಡು ಸಭೆ ಸೇರಬೇಕಾಯಿತು.

ಆ ನೆರೆಯ ಅಕ್ಕನ ಸಂಗತಿ ಏನಾಯಿತೆಂದು ನೀವು ಕೇಳುವಿರಿ. ಮಗಳು ಬಂದು ಹೋದ ಸಂಜೆಯೇ ನಾನು ಅಲ್ಲಿಗೆ ಹೋದೆನು. ನನಗೆ ಏನೂ ಇಲ್ಲ ಎಂದು ಆಕೆ ಹೇಳಿ, ಮೊರವನ್ನು ಇಳಿಸದೆಯೇ ನನ್ನನ್ನು ಕಳುಹಿಸಿಬಿಟ್ಟಳು. ಮುಂದಿನ ಭಾನುವಾರ ದೇವಾರಾಧನೆಯಲ್ಲಿ ನಾನು ಸಮಾಧಿಯ ಬಳಿಯಲ್ಲಿ ತಪ್ಪಾಗಿ ಮಾತಾಡಿದೆನೆಂದು ಎಲ್ಲರ ಮುಂದೆ ಹೇಳಿದೆನು. ಹೇಳುವದು ಸುಲಭವಾಗಿರಲಿಲ್ಲ. ಅದರಿಂದಲೂ ಆಕೆ ಕದಲಲಿಲ್ಲ. ಕಡೆಗೆ ಆಕೆಯನ್ನು ಎಬ್ಬಿಸಿದ್ದು ತಾಯಿ ಸತ್ತ ಆ ಮಗಳೇ. ಮೂರು ದಿನ ಆಕೆಯ ಜಗಲಿಯಲ್ಲಿ ಕೂತು, ಆಕೆಯ ಪಾಲಿನ ಬೀಡಿಯನ್ನು ತಾನೇ ಕಟ್ಟಿಕೊಟ್ಟು, ನಾಲ್ಕನೆಯ ದಿನ ಮೊದಲ ಬಸ್ಸಿನಲ್ಲಿ ಕರಕೊಂಡು ಹೋದಳು. ಗರ್ಭಕೋಶದಲ್ಲಿ ಗಡ್ಡೆ ಇತ್ತು, ಕೆಟ್ಟ ಜಾತಿಯದಲ್ಲ, ಕಾರ್ಡಿನ ಮೇಲೆಯೇ ತೆಗೆದರು. ಎರಡು ತಿಂಗಳು ಕೈ ಆಡದೆ ಇದ್ದದರಿಂದ ಅಂಗಡಿಯಲ್ಲಿ ಏರಿದ ಬಾಕಿಯು ಇನ್ನೂ ಪೂರ್ತಿ ತೀರಲಿಲ್ಲವೆಂದು ಆಕೆ ಈಗಲೂ ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲ ಬಳಿಯಲ್ಲಿ ನನಗೆ ಹೇಳುತ್ತಾಳೆ, ಸ್ವಲ್ಪ ಗಟ್ಟಿಯಾಗಿಯೇ, ಎಲ್ಲರಿಗೂ ಕೇಳುವ ಹಾಗೆ.